ಹೇಳಿಕೊಳ್ಳಲಾರದ ನೋವು



ಈ ತಿಂಗಳು ನಾವು ಎತ್ತಿಕೊಂಡಿರುವ ವಿಷಯವನ್ನು ನೋಡಿ ಕೆಲವರಿಗೆ ಮುಜುಗರವಾಗಬಹುದು. ಮನೆಮಂದಿಯೆಲ್ಲ ಕುಳಿತು ಓದುವ ಪತ್ರಿಕೆಯಲ್ಲಿ ಮಲವಿಸರ್ಜನೆಯ ನೋವನ್ನು ಕುರಿತು ಬರೆಯಬೇಕೆ ಎಂದು ಕೇಳುವ ಹಿರಿಯರೂ ಇರಬಹುದು. ಬರೆಯಬೇಕು ಎಂಬುದೇ ನಮ್ಮ ಉತ್ತರ. ಮನೆಮಂದಿಯೆಲ್ಲ ಅನುಭವಿಸುವ ಬಾಧೆಯನ್ನು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಬರೆಯದೆ ಇನ್ನೆಲ್ಲಿ ಬರೆಯಬೇಕು?

ನಮ್ಮ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ನಿರಾಕರಿಸಿದವರು. ದೇಹವನ್ನು ಹೀನವೆಂದು ಹಳಿಯದೆ, ಲಿಂಗವನ್ನು ಧರಿಸುವ ಪವಿತ್ರ ನೆಲೆಯೆಂದು ಕಂಡವರು. ಅಂಥವರ ಪರಂಪರೆಯಲ್ಲಿ ಹುಟ್ಟಿದ ನಾವು ದೇಹದ ಒಂದು ಭಾಗದ ನೋವನ್ನು ಹಲ್ಲುನೋವಿನಂತೆ, ಕಿವಿನೋವಿನಂತೆ ಹೇಳಿಕೊಳ್ಳಲಾರದೆ ಬಚ್ಚಿಡುವುದು ಸೂತಕವನ್ನು ಬೇರೊಂದು ಬಾಗಿಲಿನಿಂದ ಮನೆಯೊಳಕ್ಕೆ ಕರೆದುಕೊಂಡಂತೆಯೇ ಸರಿ. ಈ ನಾಚಿಕೆಯ ಬೆಲೆ ಎಷ್ಟು ದೊಡ್ಡದೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದುದರಿಂದಲೇ ಈ ಬರೆಹ.

ಮಠದ ಪ್ರಸಾದನಿಲಯದಲ್ಲಿ ನಮ್ಮೊಂದಿಗೆ ಓದಿದ ಸಹಪಾಠಿಯೊಬ್ಬರಿದ್ದರು. ವ್ಯಾಕರಣದಲ್ಲಿ ನಮಗಿಂತ ಚುರುಕು. ಮುಂದೆ ಪ್ರೌಢಶಾಲೆಯಲ್ಲಿ ಅಧ್ಯಾಪಕರಾಗಿ ನಿವೃತ್ತರಾದರು. ನಿವೃತ್ತಿಯ ಎರಡನೆಯ ವರ್ಷ ಅವರಿಗೆ ಮಲದೊಡನೆ ರಕ್ತ ಬೀಳತೊಡಗಿತು. ಅದು ಮೂಲವ್ಯಾಧಿಯೇ ಎಂದು ತಾವೇ ತೀರ್ಮಾನಿಸಿದರು. ತಂದೆಗೂ ಇತ್ತು, ತಮಗೂ ಬಂದಿದೆ ಎಂದುಕೊಂಡರು. ಮಜ್ಜಿಗೆ ಕುಡಿದರು, ಸೂರಣಗಡ್ಡೆ ತಿಂದರು, ಬಸ್ ನಿಲ್ದಾಣದ ಗೋಡೆಯ ಮೇಲಿನ ಜಾಹೀರಾತು ನೋಡಿ ಪುಡಿಯ ಪೊಟ್ಟಣ ತಂದರು. ಹೆಂಡತಿಗೆ ಹೇಳಲಿಲ್ಲ, ವೈದ್ಯನಾಗಿದ್ದ ಸೋದರಳಿಯನಿಗೂ ಹೇಳಲಿಲ್ಲ. ಹದಿನೆಂಟು ತಿಂಗಳು ಹೀಗೆಯೇ ಕಳೆದವು. ಮುಖ ಬಿಳಿಚಿ, ಮೈ ಇಳಿದು, ಮೆಟ್ಟಿಲು ಹತ್ತಲು ಏದುಸಿರು ಬಂದಾಗ ಮಗ ಒತ್ತಾಯದಿಂದ ಆಸ್ಪತ್ರೆಗೆ ಕರೆದೊಯ್ದನು. ಅದು ಮೂಲವ್ಯಾಧಿಯಾಗಿರಲಿಲ್ಲ, ಕರುಳಿನ ಅರ್ಬುದವಾಗಿತ್ತು. ಆ ವೇಳೆಗೆ ಯಕೃತ್ತಿಗೂ ಹರಡಿತ್ತು. ಕೊನೆಯ ದಿನಗಳಲ್ಲಿ ನಾವು ಪಕ್ಕದಲ್ಲಿ ಕುಳಿತಿದ್ದಾಗ ಅವರು ಹೇಳಿದ ಮಾತು ಇದು: “ಎಲ್ಲಿ ತೋರಿಸಬೇಕು ಅಂಬೋದು ಗೊತ್ತಿತ್ತು. ಹ್ಯಾಂಗ ತೋರಿಸಬೇಕು ಅಂಬೋದು ತಿಳೀಲಿಲ್ಲ.”

ಎಲ್ಲರ ರಕ್ತಸ್ರಾವವೂ ಅರ್ಬುದವಲ್ಲ. ನೂರರಲ್ಲಿ ಬಹುಪಾಲು ಪ್ರಸಂಗಗಳು ಸುಲಭವಾಗಿ ವಾಸಿಯಾಗುವಂಥವು. ಆದರೆ ಯಾವುದು ಸುಲಭದ್ದು, ಯಾವುದು ಕಠಿಣವಾದುದು ಎಂಬುದನ್ನು ನಾಚಿಕೆಯು ತೀರ್ಮಾನಿಸಬಾರದು, ಪರೀಕ್ಷೆ ತೀರ್ಮಾನಿಸಬೇಕು.

ದೇಹದ ವ್ಯವಸ್ಥೆ

ಉಂಡ ಆಹಾರವು ಸಣ್ಣ ಕರುಳಿನಲ್ಲಿ ಪಚನಗೊಂಡು, ಸಾರವನ್ನು ದೇಹಕ್ಕೊಪ್ಪಿಸಿ, ಉಳಿದುದು ದೊಡ್ಡ ಕರುಳನ್ನು ಸೇರುತ್ತದೆ. ಆಗ ಅದು ತೆಳು ಗಂಜಿಯಂತಿರುತ್ತದೆ. ಸುಮಾರು ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳು ಅದರಲ್ಲಿನ ನೀರನ್ನು ಹೀರಿಕೊಳ್ಳುತ್ತ ಹೋಗುತ್ತದೆ. ದಿನವೊಂದಕ್ಕೆ ಒಂದು ಲೀಟರಿಗೂ ಮಿಕ್ಕಿದ ದ್ರವವು ಅದರೊಳಗೆ ಬಂದರೆ ಮಲದೊಡನೆ ಹೊರಹೋಗುವುದು 100ರಿಂದ 200 ಮಿಲಿಲೀಟರ್ ಮಾತ್ರ. ಮಲವು ಒಳಗೆ ಹೆಚ್ಚು ಹೊತ್ತು ನಿಂತಷ್ಟೂ ನೀರು ಹೆಚ್ಚು ಹೀರಲ್ಪಡುತ್ತದೆ. ಮಲವು ಒಣಗಿ ಹಿಕ್ಕೆಯಂತಾಗುತ್ತದೆ. ಈ ಒಂದು ಸಂಗತಿಯನ್ನು ತಿಳಿದರೆ ಮುಂದಿನ ಅರ್ಧ ವಿಷಯ ತಿಳಿದಂತೆ.

ಮಲವು ಗುದನಾಳಕ್ಕೆ ಇಳಿದಾಗ ಅದರ ಗೋಡೆ ಹಿಗ್ಗಿ ಕರೆ ಕೊಡುತ್ತದೆ. ಗುದದ್ವಾರಕ್ಕೆ ಎರಡು ಬಿಗಿಪಟ್ಟಿಗಳಂಥ ಸ್ನಾಯುಗಳಿವೆ. ಒಳಗಿನದು ನಮ್ಮ ಇಚ್ಛೆಗೆ ಒಳಪಟ್ಟುದಲ್ಲ. ಹೊರಗಿನದನ್ನು ನಾವು ಬಿಗಿಹಿಡಿಯಬಲ್ಲೆವು, ಸಡಿಲಿಸಬಲ್ಲೆವು. ಕರೆ ಬಂದಾಗ ಹೋದರೆ ಕೆಲಸ ಸುಗಮ. ಬಿಗಿಹಿಡಿದು ಮುಂದೂಡಿದರೆ ಕರೆಯು ನಿಲ್ಲುತ್ತದೆ, ಮಲವು ನಿಲ್ಲುತ್ತದೆ, ಒಣಗುತ್ತದೆ. ಹೀಗೆ ದಿನವೂ ಮಾಡಿದರೆ ಕರೆಯೇ ಮಂದವಾಗುತ್ತದೆ.

ದಿನಕ್ಕೊಮ್ಮೆ ಮಲವಿಸರ್ಜನೆ ಆಗಲೇಬೇಕೆಂಬ ಭಾವನೆ ನಮ್ಮ ಹಿರಿಯರಲ್ಲಿ ಗಟ್ಟಿಯಾಗಿದೆ. ದಿನಕ್ಕೆ ಮೂರು ಬಾರಿಯಿಂದ ಹಿಡಿದು ವಾರಕ್ಕೆ ಮೂರು ಬಾರಿಯವರೆಗೆ ಯಾವುದೂ ಸಹಜವೇ. ಮುಖ್ಯವಾದುದು ಎಣಿಕೆಯಲ್ಲ, ಮಲವು ಮೃದುವಾಗಿರುವುದು, ತಿಣುಕದೆ ಬರುವುದು, ಹೋಗಿಬಂದ ಮೇಲೆ ಹೊಟ್ಟೆ ಹಗುರವಾಗುವುದು.

ಕಾರಣಗಳು

ಮೊದಲನೆಯ ಕಾರಣ ನಮ್ಮ ತಾಟಿನಲ್ಲಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ. ಸಜ್ಜೆ, ರಾಗಿ, ಇಡಿಗೋಧಿ ಹಿಟ್ಟುಗಳಲ್ಲಿ 11 ಗ್ರಾಮಿನಷ್ಟಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿಯೂ ಮೈದಾದಲ್ಲಿಯೂ ಇರುವುದು 3 ಗ್ರಾಮಿಗಿಂತ ಕಡಿಮೆ. ಜೋಳದ ರೊಟ್ಟಿ, ಪುಂಡಿಪಲ್ಯ, ಮಡಿಕೆಕಾಳು, ಹಸಿ ಉಳ್ಳಾಗಡ್ಡಿ, ಮಜ್ಜಿಗೆ ಎಂಬ ನಮ್ಮ ಹಳೆಯ ಊಟದಿಂದ ಬಿಳಿ ಅನ್ನ, ಬೆಳಿಗ್ಗೆ ಬ್ರೆಡ್ಡು, ಸಂಜೆ ಬಿಸ್ಕತ್ತು, ಮಕ್ಕಳಿಗೆ ನೂಡಲ್ಸು ಎಂಬ ಊಟಕ್ಕೆ ಸರಿದ ಮನೆಯಲ್ಲಿ ನಾರು ಎಲ್ಲಿಂದ ಬರಬೇಕು? ವಯಸ್ಕರಿಗೆ ದಿನಕ್ಕೆ 25ರಿಂದ 40 ಗ್ರಾಂ ನಾರು ಬೇಕು. ನಾರು ನೀರನ್ನು ಹಿಡಿದಿಟ್ಟು ಮಲವನ್ನು ಮೆತ್ತಗಾಗಿಸುತ್ತದೆ, ಅದರ ಗಾತ್ರವನ್ನು ಹೆಚ್ಚಿಸಿ ಕರುಳಿಗೆ ಹಿಡಿತ ಕೊಡುತ್ತದೆ.

ಎರಡನೆಯದು ನೀರಿನ ಕೊರತೆ. ಬಿಸಿಲಲ್ಲಿ ಹೊಲದ ಕೆಲಸ ಮಾಡುವವರು, ಬಸ್ಸು ಲಾರಿ ನಡೆಸುವವರು, ಮೂತ್ರಕ್ಕೆ ಹೋಗಬೇಕಾದೀತೆಂಬ ಭಯದಿಂದ ನೀರನ್ನೇ ಕುಡಿಯದ ಹೆಣ್ಣುಮಕ್ಕಳು ಇದಕ್ಕೆ ಬಲಿಯಾಗುತ್ತಾರೆ.

ಮೂರನೆಯದು ವೇಗಧಾರಣೆ, ಅಂದರೆ ಬಂದ ಕರೆಯನ್ನು ತಡೆಯುವುದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಇಡಿಯ ಏಳನೆಯ ಅಧ್ಯಾಯವು ತಡೆಯಬಾರದ ವೇಗಗಳ ಹೆಸರಿನಿಂದಲೇ ಆರಂಭವಾಗುತ್ತದೆ. ಮಲ, ಮೂತ್ರ, ಸೀನು, ಆಕಳಿಕೆ, ಹಸಿವು, ಬಾಯಾರಿಕೆ, ನಿದ್ರೆ ಮುಂತಾದ 13 ವೇಗಗಳನ್ನು ಅಲ್ಲಿ ಎಣಿಸಿದೆ. ಲೋಭ, ಕ್ರೋಧ, ಅಸೂಯೆಗಳಂಥ ಮನಸ್ಸಿನ ವೇಗಗಳನ್ನು ತಡೆಯಬೇಕು, ದೇಹದ ವೇಗಗಳನ್ನು ತಡೆಯಬಾರದು ಎಂಬುದು ಅಲ್ಲಿನ ವಿವೇಕ. ನಾವು ಬಹುತೇಕ ಇದನ್ನು ತಿರುವುಮುರುವಾಗಿ ಆಚರಿಸುತ್ತಿದ್ದೇವೆ. ಈ ವೇಗಧಾರಣೆಯ ಶಿಕ್ಷೆಯನ್ನು ಹೆಚ್ಚು ಅನುಭವಿಸಿದವರು ನಮ್ಮ ಹಳ್ಳಿಯ ತಾಯಂದಿರು. ಮನೆಯಲ್ಲಿ ಶೌಚಾಲಯವಿಲ್ಲದೆ, ಬೆಳಗಿನ ಜಾವದ ಕತ್ತಲೆಗೋ ಸಂಜೆಯ ಕತ್ತಲೆಗೋ ಕಾಯುತ್ತ ಅವರು ವರ್ಷಗಟ್ಟಲೆ ಹೊಟ್ಟೆ ಬಿಗಿಹಿಡಿದರು. 2014ರಲ್ಲಿ ಆರಂಭವಾದ ಸ್ವಚ್ಛ ಭಾರತ ಯೋಜನೆಯಿಂದ ಶೌಚಾಲಯಗಳು ಹೆಚ್ಚಾದವು, ನಿಜ. ಆದರೆ ಕಟ್ಟಿದ ಶೌಚಾಲಯದಲ್ಲಿ ಸೌದೆ, ಕುಳ್ಳು ತುಂಬಿಟ್ಟ ಮನೆಗಳನ್ನೂ ನಾವು ನೋಡಿದ್ದೇವೆ. ಶಾಲೆಯ ಶೌಚಾಲಯ ಕೊಳಕೆಂದು ಬೆಳಿಗ್ಗೆಯಿಂದ ಸಂಜೆಯವರೆಗೆ ತಡೆದುಕೊಳ್ಳುವ ಹೆಣ್ಣುಮಕ್ಕಳು ಇಂದಿಗೂ ಇದ್ದಾರೆ. ಪಾಲಕರ ಸಭೆಯಲ್ಲಿ ಅಂಕಗಳ ಮಾತು ಮುಗಿದ ಮೇಲೆ ಈ ಮಾತನ್ನೂ ಎತ್ತಬೇಕು.

ನಾಲ್ಕನೆಯದು ಔಷಧಗಳು. ರಕ್ತಹೀನತೆಗೆ ಕೊಡುವ ಕಬ್ಬಿಣದ ಮಾತ್ರೆ, ಸುಣ್ಣಾಂಶದ ಮಾತ್ರೆ, ಅಲ್ಯುಮಿನಿಯಂ ಇರುವ ಆಮ್ಲನಿವಾರಕಗಳು, ಕೆಲವು ಬಲವಾದ ನೋವುನಿವಾರಕಗಳು ಮಲವನ್ನು ಗಟ್ಟಿಗೊಳಿಸುತ್ತವೆ. ಇವುಗಳನ್ನು ತಾವಾಗಿಯೇ ನಿಲ್ಲಿಸಬಾರದು. ತೊಂದರೆಯನ್ನು ವೈದ್ಯರಿಗೆ ಹೇಳಿದರೆ ಅವರು ಮಾರ್ಗ ತೋರುತ್ತಾರೆ. ಥೈರಾಯ್ಡ್ ಗ್ರಂಥಿಯ ಮಂದತೆ, ಮಧುಮೇಹ, ಪಾರ್ಕಿನ್ಸನ್ ವ್ಯಾಧಿಗಳಲ್ಲಿಯೂ ಮಲಬದ್ಧತೆ ಕಾಣಿಸುತ್ತದೆ. ಇವೆಲ್ಲವುಗಳ ಜೊತೆಗೆ ಕುಳಿತೇ ಇರುವ ಬದುಕು ಸೇರಿದರೆ ಹೇಳಬೇಕಾದುದೇನು?

ನೋವು ಎಲ್ಲಿಂದ ಬರುತ್ತದೆ?

ನಮ್ಮ ಜನ ಗುದದ ಬಾಧೆ ಯಾವುದಿದ್ದರೂ ಅದಕ್ಕೆ ಮೂಲವ್ಯಾಧಿ ಎಂದು ಒಂದೇ ಹೆಸರಿಡುತ್ತಾರೆ. ಹೆಸರು ತಪ್ಪಿದರೆ ಚಿಕಿತ್ಸೆಯೂ ತಪ್ಪುತ್ತದೆ. ಮಲವಿಸರ್ಜನೆಯ ವೇಳೆ ಕತ್ತರಿಸಿದಂಥ, ಗಾಜಿನ ಚೂರು ಹಾಯ್ದುಹೋದಂಥ ನೋವಾದರೆ ಅದು ಬಹುಮಟ್ಟಿಗೆ ಮೂಲವ್ಯಾಧಿಯಲ್ಲ, ಗುದದ ಸೀಳು. ಆಯುರ್ವೇದವು ಸುತ್ತಲೂ ಕತ್ತರಿಸಿದಂತಾಗುವ ಈ ನೋವನ್ನು ಪರಿಕರ್ತಿಕಾ ಎಂದು ಕರೆದಿದೆ. ಗಟ್ಟಿ ಮಲವು ಹಾಯುವಾಗ ಗುದದ್ವಾರದ ಮೃದುಚರ್ಮ, ಸಾಮಾನ್ಯವಾಗಿ ಹಿಂಬದಿಯಲ್ಲಿ, ಸೀಳುತ್ತದೆ. ನೋವಿಗೆ ಒಳಗಿನ ಬಿಗಿಪಟ್ಟಿ ಸೆಡೆತುಕೊಳ್ಳುತ್ತದೆ. ಸೆಡೆತದಿಂದ ಅಲ್ಲಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ; ರಕ್ತ ಹರಿಯದೆ ಗಾಯ ಮಾಯುವುದಿಲ್ಲ. ನೋವಿನ ಭಯದಿಂದ ರೋಗಿಯು ಮಲವನ್ನು ತಡೆಯುತ್ತಾನೆ. ತಡೆದುದರಿಂದ ಮಲ ಇನ್ನೂ ಗಟ್ಟಿಯಾಗಿ ಹಳೆಯ ಸೀಳನ್ನೇ ಮತ್ತೆ ಸೀಳುತ್ತದೆ. ಹೋಗಿಬಂದ ಮೇಲೆಯೂ ಗಂಟೆಗಟ್ಟಲೆ ಉಳಿಯುವ ಉರಿ, ಮಲದ ಮೇಲೆ ಗೆರೆಯಂತೆ ಕೆಂಪು ರಕ್ತ — ಇವು ಸೀಳಿನ ಗುರುತುಗಳು.

ಮೂಲವ್ಯಾಧಿಯೆಂದರೆ ಗುದನಾಳದೊಳಗಿನ ರಕ್ತನಾಳಗಳ ಮೆತ್ತೆಗಳು ಉಬ್ಬಿ ಕೆಳಗೆ ಜಾರುವುದು. ಒಳಮೂಲವ್ಯಾಧಿಯಲ್ಲಿ ರಕ್ತವು ಹನಿಹನಿಯಾಗಿ ಬೀಳುತ್ತದೆ, ಆದರೆ ಸಾಮಾನ್ಯವಾಗಿ ನೋವಿರುವುದಿಲ್ಲ. ಹೊರಗಿನ ಮೊಳಕೆಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಮಾತ್ರ ಇದ್ದಕ್ಕಿದ್ದಂತೆ ನೀಲಿಯ ಗಂಟು ಎದ್ದು ಎರಡು ಮೂರು ದಿನ ಕೂಡಲಾರದಷ್ಟು ನೋಯುತ್ತದೆ. ಸುಶ್ರುತಸಂಹಿತೆಯು ಅರ್ಶಸ್ಸು ಮತ್ತು ಭಗಂದರಗಳೆರಡನ್ನೂ ಎಂಟು ಮಹಾರೋಗಗಳಲ್ಲಿ ಸೇರಿಸಿದೆ. ಅರ್ಶಸ್ಸಿಗೆ ಔಷಧ, ಕ್ಷಾರ, ಅಗ್ನಿ, ಶಸ್ತ್ರವೆಂಬ ನಾಲ್ಕು ಉಪಾಯಗಳನ್ನು ಹೇಳಿದೆ. ಎಲ್ಲಕ್ಕೂ ಶಸ್ತ್ರವಲ್ಲ, ಎಲ್ಲಕ್ಕೂ ಪುಡಿಯೂ ಅಲ್ಲ; ರೋಗದ ಹಂತ ನೋಡಿ ಉಪಾಯ. ಇಂದಿನ ಶಸ್ತ್ರವೈದ್ಯರೂ ಇದೇ ಕ್ರಮವನ್ನು ಅನುಸರಿಸುತ್ತಾರೆ.

ಗುದದ ಬಳಿ ಬಾವು ಬಂದು, ಜ್ವರ ಬಂದು, ನೋವು ಹಗಲಿರುಳು ಮಿಡಿಯುತ್ತಿದ್ದರೆ ಅದು ಕೀವುಗಡ್ಡೆ. ಅದಕ್ಕೆ ಮನೆಮದ್ದು ಮಾಡುತ್ತ ಕೂಡಬಾರದು, ಅಂದೇ ವೈದ್ಯರಲ್ಲಿಗೆ ಹೋಗಬೇಕು. ಮಧುಮೇಹಿಗಳಂತೂ ಒಂದು ರಾತ್ರಿಯನ್ನೂ ಕಳೆಯಬಾರದು. ಒಡೆದ ಗಡ್ಡೆ ಮಾಯದೆ ಕೀವು ಸೋರುವ ದಾರಿಯಾಗಿ ಉಳಿದರೆ ಅದು ಭಗಂದರ. ಇದಕ್ಕೆ ನಮ್ಮ ಪ್ರಾಚೀನರು ಹೇಳಿದ ಕ್ಷಾರಸೂತ್ರ ಚಿಕಿತ್ಸೆಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಶಸ್ತ್ರಚಿಕಿತ್ಸೆಯೊಡನೆ ಹೋಲಿಸಿ ಪರೀಕ್ಷಿಸಿ 1991ರಲ್ಲಿ ಫಲಿತಾಂಶ ಪ್ರಕಟಿಸಿತು. ವಾಸಿಯಾಗಲು ಹೆಚ್ಚು ದಿನ ಹಿಡಿದರೂ ರೋಗ ಮರುಕಳಿಸುವುದು ಕಡಿಮೆಯೆಂದು ಕಂಡುಬಂದಿತು. ಕ್ಷಾರಸೂತ್ರವನ್ನು ಕಟ್ಟಬೇಕಾದವರು ಅದನ್ನು ಶಾಸ್ತ್ರೋಕ್ತವಾಗಿ ಕಲಿತ ವೈದ್ಯರು. ಬೋರ್ಡು ಹಾಕಿಕೊಂಡ ಯಾರೋ ಅಲ್ಲ.

ಒಂದು ಬಾಣಂತನದ ಕಥೆ

ಎರಡು ವರ್ಷದ ಹಿಂದೆ ನಮ್ಮ ಅಕ್ಕ ದೂರವಾಣಿ ಮಾಡಿದ್ದಳು. ಮೊಮ್ಮಗಳ ಚೊಚ್ಚಲ ಬಾಣಂತನ. “ತಮ್ಮಾ, ಅನ್ನ ಕಂಡರ ಅಳತಾಳ ಈಕಿ. ಎಲ್ಲಾ ಬ್ಯಾಡ ಅಂತಾಳ. ದೃಷ್ಟಿ ಆಗೇತೇನೋ, ವಿಭೂತಿ ಮಂತ್ರಿಸಿ ಕಳಸು” ಎಂದಳು. ವಿಭೂತಿಯನ್ನು ಕಳಿಸಿದೆವು, ಜೊತೆಗೆ ಹೆಣ್ಣು ವೈದ್ಯರೊಬ್ಬರಲ್ಲಿಗೆ ತೋರಿಸಲೇಬೇಕೆಂದೂ ಹೇಳಿದೆವು. ವೈದ್ಯರು ಬಾಗಿಲು ಮುಚ್ಚಿಕೊಂಡು ವಿಚಾರಿಸಿದಾಗ ಸಂಗತಿ ಹೊರಬಿದ್ದಿತು. ಹೆರಿಗೆಯ ಐದನೆಯ ದಿನ ಗುದದಲ್ಲಿ ಸೀಳಾಗಿತ್ತು. ಉಂಡರೆ ಹೊರಗೆ ಹೋಗಬೇಕಾಗುತ್ತದೆ, ಹೋದರೆ ಪ್ರಾಣ ಹೋದಂತಾಗುತ್ತದೆ. ಆದುದರಿಂದ ಉಣ್ಣುವುದೇ ಬೇಡವೆಂದು ಆ ಹುಡುಗಿ ತೀರ್ಮಾನಿಸಿದ್ದಳು. ಹಾಲು ಕಡಿಮೆಯಾಗಿ ಕೂಸು ಸೊರಗತೊಡಗಿತ್ತು.

ನಮ್ಮ ಅಕ್ಕ ಪ್ರೀತಿಯಲ್ಲಿ ಕೊರತೆ ಮಾಡಿದವಳಲ್ಲ. ತನಗೆ ಮಾಡಿದ ಬಾಣಂತನವನ್ನೇ ಮೊಮ್ಮಗಳಿಗೂ ಮಾಡಿದ್ದಳು. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಕೂಸಿಗೆ ಶೀತವಾಗುತ್ತದೆ ಎಂದು ದಿನಕ್ಕೆ ಎರಡು ಲೋಟ ಬಿಸಿನೀರು, ಊಟಕ್ಕೆ ಅನ್ನ, ತುಪ್ಪ, ಮೆಣಸಿನ ಸಾರು, ಸೊಪ್ಪಿಲ್ಲ, ಹಣ್ಣಿಲ್ಲ, ಮೇಲೆ ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆ. ಗರ್ಭದ ಭಾರ, ಹೆರಿಗೆಯ ಶ್ರಮಗಳಿಂದ ಮೊದಲೇ ದಣಿದ ಆ ಭಾಗಕ್ಕೆ ಇದಕ್ಕಿಂತ ಬೇರೆ ಶಿಕ್ಷೆ ಬೇಕೆ? ಮಗುವಿಗೆ ಹಾಲೂಡುವ ತಾಯಿಗೆ ನೀರು ಇತರರಿಗಿಂತ ಹೆಚ್ಚು ಬೇಕು. ಹೀರೆಕಾಯಿ, ಸಬ್ಬಸಿಗೆ ಸೊಪ್ಪು, ಮೆಂತ್ಯಸೊಪ್ಪು, ಹೆಸರುಬೇಳೆ, ಪಪ್ಪಾಯಿ, ಬಾಳೆಯ ಹಣ್ಣು ಇವು ಯಾವುವೂ ಬಾಣಂತಿಗೆ ನಿಷಿದ್ಧವಲ್ಲ. ನೀರು, ಸೊಪ್ಪು, ವೈದ್ಯರು ಬರೆದುಕೊಟ್ಟ ಮಲ ಮೆದುಗೊಳಿಸುವ ಔಷಧ, ಬಿಸಿನೀರ ಕೂಡಿಕೆ — ಇಷ್ಟರಿಂದ ಮೂರು ವಾರಗಳಲ್ಲಿ ಆ ಹುಡುಗಿ ಚೇತರಿಸಿಕೊಂಡಳು. ಬಾಣಂತಿ ಉಣ್ಣಲೊಲ್ಲಳೆಂದರೆ ದೃಷ್ಟಿ ತೆಗೆಯುವ ಮೊದಲು ಬದಿಗೆ ಕರೆದು ಈ ಒಂದು ಪ್ರಶ್ನೆಯನ್ನು ಕೇಳಿ ಎಂದು ಅತ್ತೆಯಂದಿರಲ್ಲಿ, ತಾಯಂದಿರಲ್ಲಿ ನಮ್ಮ ವಿನಂತಿ.

ಪರಿಹಾರಗಳು

ಇನ್ನು ಪರಿಹಾರದ ಮಾತು. ಮೊದಲು ಆಹಾರ. ದಿನದ ಎರಡು ಊಟಗಳಲ್ಲಿ ಒಂದಾದರೂ ಜೋಳ, ರಾಗಿ, ಸಜ್ಜೆ, ನವಣೆ ಇಲ್ಲವೆ ಇಡಿಗೋಧಿಯದಾಗಿರಲಿ. ಹಿಟ್ಟನ್ನು ಸಾಣಿಸಿ ತೌಡು ಚೆಲ್ಲುವುದನ್ನು ಬಿಡಿ. ಒಂದು ಹೊತ್ತು ಸೊಪ್ಪು, ಒಂದು ಹೊತ್ತು ಕಾಳು, ದಿನಕ್ಕೊಂದು ಹಣ್ಣು. ನಮ್ಮ ಹಿತ್ತಿಲಿನ ಪೇರಲಹಣ್ಣಿಗಿಂತ ಹೆಚ್ಚು ನಾರಿನ ಹಣ್ಣು ಸಿಗುವುದು ಕಷ್ಟ. ಆದರೆ ನಾರನ್ನು ಒಮ್ಮೆಗೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ; ಎರಡು ಮೂರು ವಾರಗಳಲ್ಲಿ ಮೆಲ್ಲಮೆಲ್ಲನೆ ಹೆಚ್ಚಿಸಬೇಕು. ನಾರಿನೊಡನೆ ನೀರೂ ಹೆಚ್ಚಬೇಕು, ದಿನಕ್ಕೆ ಎಂಟು ಹತ್ತು ಲೋಟ. ಹೃದಯ ಅಥವಾ ಮೂತ್ರಪಿಂಡದ ರೋಗಕ್ಕಾಗಿ ನೀರನ್ನು ಮಿತಗೊಳಿಸಿದವರು ಮಾತ್ರ ವೈದ್ಯರು ಹೇಳಿದ ಅಳತೆಯನ್ನು ಮೀರಬಾರದು. ಸೀಳು ಮಾಯುವವರೆಗೆ ಖಾರದ ಚಟ್ನಿಯನ್ನು ದೂರವಿಡಿ. ಹೋಗುವಾಗಿನ ಉರಿಯನ್ನು ಅದು ಹೆಚ್ಚಿಸುತ್ತದೆ.

ಎರಡನೆಯದು ವೇಳೆ. ಬೆಳಿಗ್ಗೆ ಎದ್ದಾಗ, ಮತ್ತು ಏನಾದರೂ ಸೇವಿಸಿದ ಅರ್ಧ ಗಂಟೆಯೊಳಗೆ, ದೊಡ್ಡ ಕರುಳು ಸಹಜವಾಗಿ ಚಲಿಸುತ್ತದೆ. ಬೆಳಿಗ್ಗೆ ಒಂದು ತಂಬಿಗೆ ಬೆಚ್ಚನೆಯ ನೀರು ಕುಡಿದು, ನಾಲ್ಕು ಹೆಜ್ಜೆ ಅಡ್ಡಾಡಿ ಹೋಗುವ ಹಿರಿಯರ ಪದ್ಧತಿಯಲ್ಲಿ ಅರ್ಥವಿದೆ. ಪ್ರಸಾದನಿಲಯದಲ್ಲಿ ನಾವು ಬೆಳಗಿನ ನಾಲ್ಕಕ್ಕೆ ಎದ್ದು ತಂಬಿಗೆ ಹಿಡಿದು ಗುಡ್ಡದ ಕಡೆ ಹೋಗಿಬಂದು, ಸ್ನಾನ ಮಾಡಿ ಇಷ್ಟಲಿಂಗ ಪೂಜೆಗೆ ಕೂಡುತ್ತಿದ್ದೆವು. ಆ ಕ್ರಮವು ಶಿಸ್ತನ್ನಷ್ಟೇ ಅಲ್ಲ, ಕರುಳಿಗೆ ಗಡಿಯಾರವನ್ನೂ ಕಲಿಸಿತ್ತು. ಮಕ್ಕಳನ್ನು ಶಾಲೆಯ ಬಸ್ಸಿಗೆ ಹತ್ತು ನಿಮಿಷವಿರುವಾಗ ಎಬ್ಬಿಸುವ ಮನೆಯಲ್ಲಿ ಆ ಗಡಿಯಾರ ನಡೆಯುವುದಿಲ್ಲ.

ಮೂರನೆಯದು ಕೂಡುವ ರೀತಿ. ಕುಕ್ಕರಗಾಲಿನಲ್ಲಿ ಕುಳಿತಾಗ ಗುದನಾಳವನ್ನು ಕೊಕ್ಕೆಯಂತೆ ಹಿಡಿದಿರುವ ಸ್ನಾಯು ಸಡಿಲಗೊಂಡು ದಾರಿ ನೇರವಾಗುತ್ತದೆ. ಮಂಡಿನೋವಿನಿಂದ ಕಮೋಡ್ ಬಳಸುವವರು ಕಾಲ ಕೆಳಗೆ ಒಂದು ಗೇಣು ಎತ್ತರದ ಮಣೆ ಇಟ್ಟುಕೊಂಡು, ಸ್ವಲ್ಪ ಮುಂದಕ್ಕೆ ಬಾಗಿದರೆ ಅದೇ ಫಲ ದೊರೆಯುತ್ತದೆ. ಉಸಿರು ಬಿಗಿಹಿಡಿದು ತಿಣುಕಬಾರದು. ಐದು ಹತ್ತು ನಿಮಿಷದಲ್ಲಿ ಆಗದಿದ್ದರೆ ಎದ್ದುಬಿಡಬೇಕು. ಶೌಚಾಲಯಕ್ಕೆ ವೃತ್ತಪತ್ರಿಕೆ ಒಯ್ಯುವ ಹಿರಿಯರೂ ಮೊಬೈಲು ಒಯ್ಯುವ ಕಿರಿಯರೂ ಮೂಲವ್ಯಾಧಿಗೆ ಸಮಾನವಾಗಿ ಆಮಂತ್ರಣ ಕೊಡುತ್ತಿದ್ದಾರೆ.

ನಾಲ್ಕನೆಯದು ಬಿಸಿನೀರ ಕೂಡಿಕೆ. ಅಗಲವಾದ ಬುಟ್ಟಿಯಲ್ಲಿ, ಕೈಗೆ ಹಿತವೆನಿಸುವಷ್ಟು ಬೆಚ್ಚನೆಯ ನೀರು ತುಂಬಿ, ಟೊಂಕದ ಕೆಳಭಾಗ ಮುಳುಗುವಂತೆ 10ರಿಂದ 15 ನಿಮಿಷ ಕೂಡಬೇಕು. ದಿನಕ್ಕೆ ಎರಡು ಮೂರು ಬಾರಿ, ಅದರಲ್ಲಿಯೂ ಹೋಗಿಬಂದ ಕೂಡಲೇ. ಸೆಡೆತುಕೊಂಡ ಸ್ನಾಯು ಸಡಿಲಾಗಿ ನೋವು ಇಳಿಯುತ್ತದೆ. ಇದಕ್ಕೆ ಡೆಟಾಲು, ಉಪ್ಪು ಏನನ್ನೂ ಹಾಕಬೇಕಾಗಿಲ್ಲ. ಸಾಬೂನಿನಿಂದ ಉಜ್ಜಿ ತೊಳೆಯುವುದೂ ಸಲ್ಲದು. ಬರಿಯ ನೀರಿನಿಂದ ತೊಳೆದು ಮೃದುವಾದ ಬಟ್ಟೆಯಿಂದ ಒತ್ತಿ ಒರೆಸಿದರೆ ಸಾಕು.

ಐದನೆಯದು ಔಷಧ. ಇಸಬಗೋಲಿನ ಹೊಟ್ಟು ನಿರಪಾಯವಾದುದು. ರಾತ್ರಿ ಒಂದೆರಡು ಚಮಚವನ್ನು ತುಂಬು ಲೋಟ ನೀರಿನಲ್ಲಿ ಕದಡಿ, ಗಟ್ಟಿಯಾಗುವ ಮೊದಲೇ ಕುಡಿದು, ಮೇಲೆ ಇನ್ನೊಂದು ಲೋಟ ನೀರು ಕುಡಿಯಬೇಕು. ನೀರಿಲ್ಲದೆ ನುಂಗಿದರೆ ಅದೇ ಅಡ್ಡಲಾಗುತ್ತದೆ. ನುಂಗಲು ತೊಂದರೆಯಿರುವವರು ಇದನ್ನು ತೆಗೆದುಕೊಳ್ಳಬಾರದು. ಅಳಲೆ, ತಾರೆ, ನೆಲ್ಲಿಕಾಯಿಗಳ ತ್ರಿಫಲಾ ಚೂರ್ಣವನ್ನು ವೈದ್ಯರನ್ನು ಕೇಳಿ ಬಳಸಬಹುದು. ಸೋನಾಮುಖಿಯಂಥ ತೀಕ್ಷ್ಣ ವಿರೇಚಕಗಳನ್ನು ತಿಂಗಳುಗಟ್ಟಲೆ ತಾವಾಗಿಯೇ ನುಂಗುವುದು ತಪ್ಪು. ಗರ್ಭಿಣಿಯರಿಗೆ ಹರಳೆಣ್ಣೆ ಕುಡಿಸುವುದು, ಅಮಾವಾಸ್ಯೆಗೊಮ್ಮೆ ಮಕ್ಕಳ ಮೂಗು ಹಿಡಿದು ಹರಳೆಣ್ಣೆ ಹೊಯ್ಯುವುದು — ಇವೆರಡೂ ನಿಲ್ಲಬೇಕು.

ಹೊಸದಾದ ಸೀಳು ಇಷ್ಟರಿಂದಲೇ ಬಹುತೇಕ ಮಾಯುತ್ತದೆ. ಆರು ವಾರ ಮೀರಿಯೂ ಉಳಿದರೆ ಸ್ನಾಯುವಿನ ಬಿಗಿತವನ್ನು ಸಡಿಲಿಸುವ ಡಿಲ್ಟಿಯಾಜೆಮ್‌ನಂಥ ಮುಲಾಮನ್ನು ವೈದ್ಯರು ಕೊಡುತ್ತಾರೆ. ಅದನ್ನು ಆರರಿಂದ ಎಂಟು ವಾರ ತಪ್ಪದೆ ಹಚ್ಚಬೇಕು. ಅದರಿಂದಲೂ ಗುಣ ಕಾಣದಿದ್ದರೆ ಸಣ್ಣದೊಂದು ಶಸ್ತ್ರಕ್ರಿಯೆಯಿದೆ. ಮೂಲವ್ಯಾಧಿಯ ಮೊಳಕೆಗೆ ರಬ್ಬರಿನ ಉಂಗುರ ಹಾಕಿ ಉದುರಿಸುವ ವಿಧಾನದಲ್ಲಿ ಆಸ್ಪತ್ರೆಯಲ್ಲಿ ಉಳಿಯಬೇಕಾದ ಪ್ರಮೇಯವೇ ಸಾಮಾನ್ಯವಾಗಿ ಬರುವುದಿಲ್ಲ. ಒಂದೇ ಇಂಜೆಕ್ಷನ್ನಿನಲ್ಲಿ ಗುಣ, ಒಂದೇ ಲೇಪದಲ್ಲಿ ಉದುರುತ್ತದೆ ಎಂಬ ಅನರ್ಹರ ಕೈಗೆ ದೇಹವನ್ನೊಪ್ಪಿಸಿ, ಸುಡುವ ಲೇಪದಿಂದ ಗುದದ್ವಾರವೇ ಕಿರಿದಾಗಿ ನರಳಿದವರಿದ್ದಾರೆ.

ತಡಮಾಡಬಾರದ ಲಕ್ಷಣಗಳು

ಕೆಳಗಿನವುಗಳಲ್ಲಿ ಒಂದು ಕಂಡರೂ ಮನೆಮದ್ದನ್ನು ಬದಿಗಿಟ್ಟು ವೈದ್ಯರಲ್ಲಿಗೆ ಹೋಗಬೇಕು. ಮಲದಲ್ಲಿ ರಕ್ತ ಮತ್ತೆ ಮತ್ತೆ ಕಾಣುವುದು, ಮಲವು ಡಾಂಬರಿನಂತೆ ಕಪ್ಪಾಗಿ ಅಂಟಾಗುವುದು (ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೂ ಕೇಳಿ ತಿಳಿಯುವುದು ಲೇಸು), ಮೊದಲಿನ ರೂಢಿ ಕೆಟ್ಟು, ಮಲಬದ್ಧತೆಯೋ ಭೇದಿಯೋ ಕೆಲವು ವಾರ ಮುಂದುವರಿಯುವುದು, ಹೋಗಿಬಂದರೂ ಪೂರ್ತಿಯಾಗಲಿಲ್ಲವೆಂಬ ಭಾವನೆ ನಿಲ್ಲದಿರುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಮುಖ ಬಿಳಿಚುವುದು, ಮನೆತನದಲ್ಲಿ ಯಾರಿಗಾದರೂ ಕರುಳಿನ ಅರ್ಬುದವಾಗಿರುವುದು, ನೋವಿನೊಡನೆ ಜ್ವರ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಅಪಾನವಾಯುವೂ ನಿಂತರೆ ಅದು ತುರ್ತುಸ್ಥಿತಿ. ವಯಸ್ಸು 45 ದಾಟಿದವರಲ್ಲಿ ಹೊಸದಾಗಿ ಕಂಡ ರಕ್ತವನ್ನು ಪರೀಕ್ಷೆಯಿಲ್ಲದೆ ಮೂಲವ್ಯಾಧಿಯೆಂದು ಕರೆಯಲೇಬಾರದು. ಕರುಳಿನ ಅರ್ಬುದವು ಬೇಗ ಗೊತ್ತಾದರೆ ಬಹಳಷ್ಟು ಜನರಲ್ಲಿ ಗುಣವಾಗುವ ರೋಗ.

ಸಹಪಾಠಿಯು ಲಿಂಗೈಕ್ಯರಾದ ಮೂರು ವರ್ಷಗಳ ಬಳಿಕ ಒಂದು ಬೆಳಿಗ್ಗೆ ನಮಗೂ ಅದೇ ಕೆಂಪು ಕಂಡಿತು. ಸತ್ಯವನ್ನೇ ಹೇಳಬೇಕು: ಇತರರಿಗೆ ಉಪದೇಶಿಸುವ ನಾವು ಹನ್ನೊಂದು ದಿನ ಯಾರಿಗೂ ಹೇಳಲಿಲ್ಲ. ಕಾವಿಯ ಗೌರವವೋ ವಯಸ್ಸಿನ ಬಿಗುಮಾನವೋ ತಿಳಿಯದು. ಹನ್ನೆರಡನೆಯ ದಿನ ಪೂಜೆಗೆ ಕುಳಿತಾಗ ಆ ಗೆಳೆಯರ ಮಾತು ನೆನಪಾಯಿತು. ಅಂದೇ ಹೋದೆವು. ವೈದ್ಯರು ನಮ್ಮ ಮೊಮ್ಮಕ್ಕಳ ವಯಸ್ಸಿನ ತರುಣ. “ಎಡಮಗ್ಗಲಾಗಿ ಮಲಗಿ ಅಜ್ಜಾರ, ಮೊಣಕಾಲು ಮಡಚ್ರಿ, ಉಸಿರು ಬಿಡ್ರಿ” ಎಂದನು. ಹೊರಗಿನಿಂದ ನೋಡಿಯೇ ಸೀಳೆಂದು ಗುರುತಿಸಿದನು. ನೋವು ಇಳಿದ ಮೇಲೆ ಬೆರಳಿನಿಂದ ಒಳಗೂ ಪರೀಕ್ಷಿಸಿದನು, ವಯಸ್ಸಿನ ಕಾರಣಕ್ಕೆ ದುರ್ಬೀನಿನಿಂದ ಕರುಳನ್ನೂ ನೋಡಿಸಿದನು. ಬೇರೆ ರೋಗವಿರಲಿಲ್ಲ. ಮೊದಲ ದಿನದ ಪರೀಕ್ಷೆಗೆ ಹಿಡಿದುದು ಎರಡು ನಿಮಿಷ. ಐದು ವಾರಗಳಲ್ಲಿ ವಾಸಿಯಾಯಿತು. ಆ ಎರಡು ನಿಮಿಷಗಳ ಸಂಕೋಚವನ್ನು ದಾಟಲಾರದೆ ನಮ್ಮ ಗೆಳೆಯರು ಹದಿನೆಂಟು ತಿಂಗಳು ಕಳೆದಿದ್ದರಲ್ಲವೆ ಎಂದು ಅಂದು ಬಹಳ ಹೊತ್ತು ಮನಸ್ಸು ಕದಡಿತು.

ಈ ಪತ್ರಿಕೆಯನ್ನು ಓದುವ ಮಕ್ಕಳು, ಸೊಸೆಯಂದಿರು ತಮ್ಮ ಮನೆಯ ಹಿರಿಯರನ್ನು ಊಟವಾಯಿತೆ ಎಂದು ದಿನವೂ ಕೇಳುತ್ತಾರೆ. ಅದರೊಡನೆ “ಹೊಟ್ಟೆ ಸರಿ ಇದೆಯೆ, ಹೋಗುವಾಗ ತ್ರಾಸವಾಗುತ್ತದೆಯೆ” ಎಂದೂ ಮೆಲ್ಲನೆ ಕೇಳಲಿ. ಹಿರಿಯರು ಸಿಟ್ಟಾಗದೆ ಉತ್ತರಿಸಲಿ. ಉಣಬಡಿಸುವುದು ಹೇಗೆ ದಾಸೋಹವೋ, ಉಂಡವನ ನೋವನ್ನು ವಿಚಾರಿಸುವುದೂ ಹಾಗೆಯೇ ದಾಸೋಹ. ಯಾವ ಮನೆಯಲ್ಲಾದರೂ ಈ ಬರೆಹವನ್ನು ಓದಿದ ಒಬ್ಬರು ನಾಳೆ ಬೆಳಿಗ್ಗೆ ತಮ್ಮವರೊಬ್ಬರಿಗೆ ಬಾಯಿಬಿಟ್ಟು ಹೇಳಿಕೊಂಡರೆ ನಮ್ಮ ಶ್ರಮ ಸಾರ್ಥಕ.